ಪರದೆ ಯಾರಿಗಾಗಿ ಕಾಯಬೇಕು?

ಕಂಪ್ಯೂಟರ್ ಆಟಗಳ ಸೆಟ್ಟಿಂಗ್ಸ್ ಪುಟದಲ್ಲಿ 'ವಿ-ಸಿಂಕ್' ಎಂಬ ಒಂದು ಸಾಲು ಇರುತ್ತದೆ. ಅದರ ಮುಂದೆ ಆನ್, ಆಫ್ ಎಂಬ ಆಯ್ಕೆ. ಬಹಳಷ್ಟು ಜನ ಅದನ್ನು ಮುಟ್ಟದೆ ದಾಟಿಹೋಗುತ್ತಾರೆ. ಕೆಲವರು ಯಾರೋ ಹೇಳಿದರೆಂದು ಆಫ್ ಮಾಡುತ್ತಾರೆ, ಇನ್ಯಾರೋ ಹೇಳಿದರೆಂದು ಮತ್ತೆ ಆನ್ ಮಾಡುತ್ತಾರೆ. ಸಾಲು ಸಣ್ಣದಾದರೂ ಅದು ಕೇಳುತ್ತಿರುವ ಪ್ರಶ್ನೆ ದೊಡ್ಡದೇ: ಎರಡು ಯಂತ್ರಗಳು ಜೊತೆಯಾಗಿ ಕೆಲಸ ಮಾಡುವಾಗ ಯಾರು ಯಾರಿಗಾಗಿ ಕಾಯಬೇಕು?

ಈ ಪ್ರಶ್ನೆಯನ್ನು ನನ್ನ ತಲೆಗೆ ಹಾಕಿದವನು ಭದ್ರಾವತಿಯ ಜನ್ನಾಪುರದಲ್ಲಿರುವ ನನ್ನ ಸೋದರತ್ತೆಯ ಮಗ. ವಯಸ್ಸು 20, ಡಿಪ್ಲೊಮಾ ಮುಗಿದಿದೆ. ವ್ಯಾಲರಂಟ್ ಎಂಬ, ಐವರು ಐವರ ವಿರುದ್ಧ ಆಡುವ ಬಂದೂಕಿನ ಆಟದಲ್ಲಿ ಅವನದೊಂದು ತಂಡವಿದೆ. ಇಬ್ಬರು ಭದ್ರಾವತಿಯವರು, ಮೂವರು ಶಿವಮೊಗ್ಗದವರು. ಯಾರು ಬೇಕಾದರೂ ಹೆಸರು ಕೊಡಬಹುದಾದ ಅರ್ಹತಾ ಸುತ್ತುಗಳಲ್ಲಿ ಆಡಿ ಮೇಲೇರಬೇಕೆಂಬುದು ಅವರ ಆಸೆ. ಮಾವ ಗಡುವು ಕೊಟ್ಟಿದ್ದಾರೆ: ಜೂನ್‌ವರೆಗೆ ಆಡು, ಆಮೇಲೆ ಕೆಲಸ ಹುಡುಕು. ಮದುವೆ ವಿಡಿಯೊಗಳನ್ನು ಎಡಿಟ್ ಮಾಡಿಕೊಟ್ಟು ಹುಡುಗ 15 ಸಾವಿರ ರೂಪಾಯಿ ಉಳಿಸಿದ್ದ. ಅದರಲ್ಲಿ ಹೊಸ ಮಾನಿಟರ್ ಕೊಳ್ಳಬೇಕೋ, ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕೋ, ಇರುವುದರಲ್ಲೇ ಸೆಟ್ಟಿಂಗ್ ಸರಿಮಾಡಿಕೊಂಡರೆ ಸಾಕೋ ಎಂಬುದು ಅವನ ತಲೆಬಿಸಿ. "ನೀನು ಪಿಎಚ್.ಡಿ. ಮಾಡ್ತಿದೀಯಲ್ಲಕ್ಕ, ಒಂಚೂರು ಸ್ಟಡಿ ಮಾಡಿ ಹೇಳು" ಎಂದ.

ನನ್ನ ಪಿಎಚ್.ಡಿ.ಗೂ ಕಂಪ್ಯೂಟರಿಗೂ ಸಂಬಂಧವಿಲ್ಲ. ಭದ್ರಾವತಿಯ ಕಾರ್ಖಾನೆ ಕಾರ್ಮಿಕರ ದಿನಚರಿ ನನ್ನ ವಿಷಯ: ಅವರು ಎಷ್ಟು ಹೊತ್ತಿಗೆ ಎದ್ದರು, ಯಾವ ಪಾಳಿಗೆ ಹೋದರು, ಮನೆಯ ಅಡುಗೆ ಯಾವ ಗಂಟೆಗೆ ಆಯಿತು ಎಂಬುದನ್ನೆಲ್ಲ ಹಿರಿಯರ ಬಾಯಿಂದ ಕೇಳಿ ಬರೆದಿಟ್ಟುಕೊಳ್ಳುವುದು. ಆದರೆ ಹುಡುಗನ ಸಮಸ್ಯೆಯನ್ನು ಬಿಡಿಸುತ್ತ ಹೋದ ಹಾಗೆ ಅದು ಕೂಡ ಹೊತ್ತಿನ ವಿಷಯವೇ ಎಂದು ಗೊತ್ತಾಯಿತು.

ಅವನ ದೂರು ಒಂದೇ ಸಾಲಿನದು. "ನಾನು ಸತ್ತಮೇಲೆ ಅವನು ಕಾಣ್ತಾನಕ್ಕ." ಗೋಡೆಯ ಮೂಲೆಯಿಂದ ಎದುರಾಳಿ ಹೊರಬರುತ್ತಾನೆ, ಗುಂಡು ಹಾರಿಸುತ್ತಾನೆ, ಇವನು ಬೀಳುತ್ತಾನೆ. ಬಿದ್ದ ಮೇಲೆ ಎದುರಾಳಿಯ ಪೂರ್ತಿ ಮೈ ಪರದೆಯ ಮೇಲೆ ಕಂಡ ಹಾಗೆ ಅನಿಸುತ್ತದೆ. ಇದು ಭ್ರಮೆಯೋ ನಿಜವೋ?

ಮೊದಲು ಯಂತ್ರದ ಕಡೆಯಿಂದ ನೋಡೋಣ. ಸಾಮಾನ್ಯ ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತದೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ 16.7 ಮಿಲಿಸೆಕೆಂಡ್. ಈ ಲಯ ಗಡಿಯಾರದಂತೆ ಸ್ಥಿರ. ಬರೆಯುವುದು ಕೂಡ ಒಂದೇ ಏಟಿಗೆ ಅಲ್ಲ. ಮೇಲಿನ ಸಾಲಿನಿಂದ ಶುರುಮಾಡಿ ಕೆಳಗಿನ ಸಾಲಿಗೆ ಇಳಿಯುತ್ತದೆ. ಇತ್ತ ಗ್ರಾಫಿಕ್ಸ್ ಕಾರ್ಡ್‌ನ ಲಯ ಬೇರೆ. ಖಾಲಿ ಗೋಡೆ ನೋಡುತ್ತಿದ್ದರೆ ಒಂದು ಫ್ರೇಮ್ ಬೇಗ ಮುಗಿಯುತ್ತದೆ. ಹೊಗೆ, ಬೆಂಕಿ, ಹತ್ತು ಜನ ಒಟ್ಟಿಗೆ ಬಂದರೆ ತಡವಾಗುತ್ತದೆ. ಮಾನಿಟರ್ ಒಂದು ಚಿತ್ರವನ್ನು ಅರ್ಧ ಬರೆದಿರುವಾಗ ಕಾರ್ಡ್ ಹೊಸ ಚಿತ್ರ ಕೊಟ್ಟರೆ, ಮೇಲರ್ಧ ಹಳೆಯದು, ಕೆಳಗರ್ಧ ಹೊಸದು. ಶುಕ್ರವಾರ ಬೆಳಿಗ್ಗೆ ಟಾಕೀಸಿನ ಗೋಡೆಗೆ ಹೊಸ ಪೋಸ್ಟರನ್ನು ಅರ್ಧ ಅಂಟಿಸಿದಾಗ ಒಬ್ಬ ನಾಯಕನ ತಲೆಗೆ ಇನ್ನೊಬ್ಬನ ಕಾಲು ಸೇರಿಕೊಂಡಿರುತ್ತದಲ್ಲ, ಹಾಗೆ. ಆಟದವರು ಇದನ್ನು ಟೇರಿಂಗ್ ಎನ್ನುತ್ತಾರೆ, ಚಿತ್ರ ಸೀಳುವುದು.

ವಿ-ಸಿಂಕ್ ಈ ಸೀಳನ್ನು ಹೊಲಿಯುವ ಹಳೆಯ ಉಪಾಯ. ಮಾನಿಟರ್ ಒಂದು ಚಿತ್ರ ಮುಗಿಸಿ ಮೇಲಕ್ಕೆ ಬರುವವರೆಗೆ ಕಾರ್ಡ್ ಹೊಸ ಚಿತ್ರವನ್ನು ಕೊಡಬಾರದು, ಕಾಯಬೇಕು. ಕಣ್ಣಿಗೆ ಹಿತ, ಚಿತ್ರ ಅಖಂಡ. ಆದರೆ ಕಾದು ನಿಂತ ಚಿತ್ರ ಹಳಸುತ್ತದೆ. ಒಂದರ ಹಿಂದೆ ಒಂದು ಸಾಲುಗಟ್ಟಿ ನಿಂತರೆ ಕೈ ಅಲುಗಿಸಿದ ಎರಡು ಮೂರು ಫ್ರೇಮ್‌ಗಳ ನಂತರ ಪರದೆ ಅಲುಗುತ್ತದೆ. 60 ಹರ್ಟ್ಜ್‌ನಲ್ಲಿ ಅದು 33ರಿಂದ 50 ಮಿಲಿಸೆಕೆಂಡ್. ಮೌಸ್ ಎಣ್ಣೆಯಲ್ಲಿ ಅದ್ದಿದ ಹಾಗೆ ಭಾರ ಅನಿಸುವುದು ಇದರಿಂದಲೇ. ಇನ್ನೊಂದು ಕಷ್ಟ: ಹಳೆಯ ರೀತಿಯ ವಿ-ಸಿಂಕ್‌ನಲ್ಲಿ ಕಾರ್ಡ್ 16.7 ಮಿಲಿಸೆಕೆಂಡಿನ ಬದಲು 17 ತೆಗೆದುಕೊಂಡರೂ ಆ ಸರದಿ ತಪ್ಪಿತು. ಮುಂದಿನ ಸರದಿಯವರೆಗೆ ಕಾಯಬೇಕು. ಹೀಗೆ 60 ಇದ್ದ ಫ್ರೇಮ್ ದರ ಒಮ್ಮೆಗೇ 30ಕ್ಕೆ ಬೀಳುತ್ತದೆ.

ಇದನ್ನು ಓದುವಾಗ ನನಗೆ ನೆನಪಾದದ್ದು ಸೈರನ್. ಹಿಂದೆ ಬೆಂಕಿಪುರ ಎಂದು ಕರೆಸಿಕೊಂಡಿದ್ದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾದದ್ದು 1918ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ. 1923ರಲ್ಲಿ ಇದ್ದಿಲಿನಿಂದ ಉರಿಯುವ ಊದುಕುಲುಮೆ ಕಬ್ಬಿಣ ಕೊಡಲು ಆರಂಭಿಸಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂತು. ನಾನು ಮಾತಾಡಿಸಿದ ಹಿರಿಯರಲ್ಲಿ ಹಲವರು ಹೇಳಿದ ಮಾತು ಒಂದೇ: ಮನೆಯ ಗಡಿಯಾರ ಸೈರನ್ನಿಗೆ ಹೊಂದಿಸಿಕೊಂಡದ್ದು, ಸೈರನ್ ಗಡಿಯಾರಕ್ಕಲ್ಲ. ಒಬ್ಬಾಕೆ, ಈಗ 80 ದಾಟಿದವರು, "ಅನ್ನ ಆಗಿರಲಿ ಬಿಡಲಿ, ಸೈರನ್ ಆದಮೇಲೆ ಬುತ್ತಿ ಕಟ್ಟಲೇಬೇಕಿತ್ತು" ಎಂದರು. ಅರೆಬೆಂದ ಅನ್ನವಾದರೂ ಹೊತ್ತಿಗೆ ಹೋಗಬೇಕು. ಇಲ್ಲವೆಂದರೆ ಬೆಂದ ಅನ್ನ ಹೊತ್ತು ಮೀರಿ ಹೋಗುತ್ತದೆ. ಆಟಗಾರನ ಮುಂದಿರುವ ಆಯ್ಕೆ ಇದೇ. ವಿ-ಸಿಂಕ್ ಆಫ್ ಅಂದರೆ ಅರೆಬೆಂದದ್ದು, ಆದರೆ ಬಿಸಿ. ವಿ-ಸಿಂಕ್ ಆನ್ ಅಂದರೆ ಪೂರ್ತಿ ಬೆಂದದ್ದು, ಆದರೆ ಆರಿದ್ದು.

ಸ್ಪರ್ಧೆಯಲ್ಲಿ ಆಡುವವರು ಬಹುತೇಕ ಬಿಸಿಯನ್ನೇ ಆರಿಸಿಕೊಳ್ಳುತ್ತಾರೆ. ಇದಕ್ಕೆ ಕಾರಣವಿದೆ. ಮಾನಿಟರ್ 60 ಹರ್ಟ್ಜ್‌ನದೇ ಆದರೂ ಕಾರ್ಡ್ ಸೆಕೆಂಡಿಗೆ 120 ಫ್ರೇಮ್ ಮಾಡುತ್ತಿದ್ದರೆ, ಸಿಂಕ್ ಇಲ್ಲದಾಗ ಪರದೆಯ ಕೆಳಭಾಗಕ್ಕೆ ಇನ್ನೂ ಹೊಸ ಚಿತ್ರ ಸಿಗುತ್ತದೆ. ಸೀಳು ಕಂಡರೂ ಆ ಭಾಗದ ಸುದ್ದಿ ತಾಜಾ. ಹಾಗಾಗಿ "60 ಹರ್ಟ್ಜ್ ಪರದೆಗೆ 60ಕ್ಕಿಂತ ಹೆಚ್ಚು ಫ್ರೇಮ್ ದಂಡ" ಎಂಬ ಮಾತು ಪೂರ್ತಿ ಸರಿಯಲ್ಲ. ದುಡ್ಡಿಲ್ಲದ ಹುಡುಗರಿಗೆ ಇದು ದೊಡ್ಡ ಸಂಗತಿ. ಹೊಸದೇನನ್ನೂ ಕೊಳ್ಳದೆ, ನೆರಳು, ಹುಲ್ಲು, ಹೊಳಪು ಎಲ್ಲ ತಗ್ಗಿಸಿ, ವಿ-ಸಿಂಕ್ ತೆಗೆದರೆ ಕೈಗೂ ಕಣ್ಣಿಗೂ ನಡುವಿನ ಅಂತರ ಕಡಿಮೆಯಾಗುತ್ತದೆ. ನಮ್ಮ ಹುಡುಗನ ಮನೆಯ ಕಂಪ್ಯೂಟರಿನಲ್ಲಿ ನಾವು ಮೊದಲು ಮಾಡಿದ್ದು ಇದನ್ನೇ. ಖರ್ಚು ಸೊನ್ನೆ.

ಮೂರನೆಯ ದಾರಿ ತೆರೆದದ್ದು 2013ರ ಅಕ್ಟೋಬರ್‌ನಲ್ಲಿ. ಎನ್‌ವಿಡಿಯಾ ಕಂಪನಿ ಜಿ-ಸಿಂಕ್ ಎಂಬುದನ್ನು ಪ್ರಕಟಿಸಿತು. ಅಲ್ಲಿಯವರೆಗೆ ಕಾರ್ಡ್ ಪರದೆಗಾಗಿ ಕಾಯುತ್ತಿತ್ತು. ಇನ್ನು ಮುಂದೆ ಪರದೆಯೇ ಕಾರ್ಡ್‌ಗಾಗಿ ಕಾಯುತ್ತದೆ. ಫ್ರೇಮ್ ಸಿದ್ಧವಾದ ಕ್ಷಣವೇ ಪರದೆ ಹೊಸ ಚಿತ್ರ ಬರೆಯಲು ತೊಡಗುತ್ತದೆ. ತಡವಾದರೆ ತಡವಾಗಿ, ಬೇಗ ಆದರೆ ಬೇಗ. ಸೀಳೂ ಇಲ್ಲ, ಸಾಲುಗಟ್ಟಿ ಕಾಯುವುದೂ ಇಲ್ಲ. 2014ರಲ್ಲಿ ವೆಸಾ ಎಂಬ ಮಾನದಂಡ ಸಂಸ್ಥೆ ಇದೇ ಗುಣವನ್ನು ಅಡಾಪ್ಟಿವ್-ಸಿಂಕ್ ಎಂಬ ಹೆಸರಿನಲ್ಲಿ ಡಿಸ್‌ಪ್ಲೇಪೋರ್ಟ್‌ಗೆ ಸೇರಿಸಿತು. ಎಎಂಡಿಯ ಫ್ರೀಸಿಂಕ್ ಅದರ ಮೇಲೆ ನಿಂತಿತು. ಮೊದಮೊದಲು ಜಿ-ಸಿಂಕ್ ಬೇಕೆಂದರೆ ವಿಶೇಷ ಬಿಡಿಭಾಗವಿರುವ ದುಬಾರಿ ಮಾನಿಟರ್ ಬೇಕಿತ್ತು. 2019ರ ಜನವರಿಯಲ್ಲಿ ಎನ್‌ವಿಡಿಯಾ ಕಾರ್ಡ್‌ಗಳು ಸಾಮಾನ್ಯ ಅಡಾಪ್ಟಿವ್-ಸಿಂಕ್ ಮಾನಿಟರ್‌ಗಳ ಜೊತೆಗೂ ಈ ಕೆಲಸ ಮಾಡಲು ಆರಂಭಿಸಿದವು. ಈಗ ಶಿವಮೊಗ್ಗದ ಅಂಗಡಿಗಳಲ್ಲಿ ಸಿಗುವ ಹತ್ತು ಹನ್ನೆರಡು ಸಾವಿರದ ಮಾನಿಟರಿನಲ್ಲೂ ಈ ಸೌಲಭ್ಯವಿದೆ.

ಆ ವರ್ಷಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿ ನನಗೆ ಇಷ್ಟ. ಪರದೆ ಸ್ಥಿರ ಗಡಿಯಾರದಿಂದ ಬಿಡುಗಡೆಯಾದ 2013ರ ಕೊನೆಯ ದಿನ, ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ ತಂತಿಮಾರ್ಗದ ಮೂಲಕ ದಕ್ಷಿಣ ಭಾರತದ ವಿದ್ಯುತ್ ಜಾಲ ಉಳಿದ ದೇಶದ ಜಾಲದೊಂದಿಗೆ ಸಿಂಕ್ ಆಯಿತು. ಅಂದಿನಿಂದ ಜೋಗದಲ್ಲಿ ತಿರುಗುವ ಟರ್ಬೈನೂ ಪಂಜಾಬಿನಲ್ಲಿ ತಿರುಗುವ ಟರ್ಬೈನೂ ಒಂದೇ 50 ಹರ್ಟ್ಜ್‌ನ ಲಯಕ್ಕೆ ಬದ್ಧ. ಜನರೇಟರನ್ನು ಜಾಲಕ್ಕೆ ಜೋಡಿಸುವ ಮುನ್ನ ಅದರ ಲಯ ಜಾಲದ ಲಯಕ್ಕೆ ಹೊಂದಲೇಬೇಕು, ಇಲ್ಲದಿದ್ದರೆ ಯಂತ್ರಕ್ಕೇ ಪೆಟ್ಟು. ಅಲ್ಲಿ ಎಲ್ಲರೂ ಒಂದೇ ಗಡಿಯಾರಕ್ಕೆ ಕಾಯುವುದು ಅನಿವಾರ್ಯ. ಎಲ್ಲಿ ಕಾಯಬೇಕು, ಎಲ್ಲಿ ಕಾಯಬಾರದು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕೆಲಸ ಏನೆಂಬುದರ ಮೇಲೆ ಅದು ನಿಂತಿದೆ.

ಈಗ ಅಂಕಿಗಳಿಗೆ ಬರೋಣ. 60 ಹರ್ಟ್ಜ್‌ನಲ್ಲಿ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್ ಆದರೆ 144 ಹರ್ಟ್ಜ್‌ನಲ್ಲಿ 6.9. ಉಳಿತಾಯ ಹತ್ತರ ಹತ್ತಿರ. 144ರಿಂದ 240ಕ್ಕೆ ಹೋದರೆ 4.2, ಅಂದರೆ ಉಳಿಯುವುದು ಮೂರೂ ಅಲ್ಲ. 240ರಿಂದ 360ಕ್ಕೆ ಹೋದರೆ ಒಂದೂವರೆಗೂ ಕಡಿಮೆ. ಬೆಲೆ ಮಾತ್ರ ಪ್ರತಿ ಮೆಟ್ಟಿಲಿಗೂ ಏರುತ್ತದೆ. ಮೊದಲ ಮೆಟ್ಟಿಲು ಹತ್ತಲು ಕೊಟ್ಟ ದುಡ್ಡಿಗೆ ಸಿಗುವಷ್ಟು ಆಮೇಲಿನ ಯಾವ ಮೆಟ್ಟಿಲಿನಲ್ಲೂ ಸಿಗುವುದಿಲ್ಲ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಒತ್ತಲು ಮನುಷ್ಯನಿಗೆ ಸುಮಾರು 200ರಿಂದ 250 ಮಿಲಿಸೆಕೆಂಡ್ ಬೇಕು. ಅದರ ಮುಂದೆ ಹತ್ತು ಯಾವ ಲೆಕ್ಕ ಎಂದು ಕೇಳಬಹುದು. ಆದರೆ ಎದುರಾಳಿಗೂ ಅದೇ 200 ಬೇಕು. ಇಬ್ಬರೂ ಸಮಬಲರಾಗಿದ್ದಾಗ ಒಬ್ಬನ ಪರದೆ ಹತ್ತು ಮಿಲಿಸೆಕೆಂಡ್ ಹಿಂದಿದ್ದರೆ ಆ ಹತ್ತು ಅವನೊಬ್ಬನ ತಲೆಯ ಮೇಲೆ.

ಇದರ ಜೊತೆ ಜಾಲದ ದೂರವೂ ಸೇರುತ್ತದೆ. ವ್ಯಾಲರಂಟ್‌ನ ಸರ್ವರ್ ಆಟವನ್ನು ಸೆಕೆಂಡಿಗೆ 128 ಸಲ ಲೆಕ್ಕ ಹಾಕುತ್ತದೆ. ಒಂದು ಲೆಕ್ಕಕ್ಕೂ ಇನ್ನೊಂದಕ್ಕೂ ನಡುವೆ 8 ಮಿಲಿಸೆಕೆಂಡಿಗಿಂತ ಕಡಿಮೆ. ಆದರೆ ಆ ಸರ್ವರ್ ಇರುವುದು ಮುಂಬೈಯಲ್ಲಿ. ಜನ್ನಾಪುರದ ಮನೆಯಲ್ಲಿ ಪಿಂಗ್ 30ರಿಂದ 45ರ ನಡುವೆ ಓಲಾಡುವುದನ್ನು ನಾನು ಕಂಡಿದ್ದೇನೆ. ಮುಂಬೈಯಲ್ಲೇ ಕೂತು ಆಡುವವನಿಗೆ ಇದಕ್ಕಿಂತ ಬಹಳ ಕಡಿಮೆ. ಮೂಲೆಯಿಂದ ಹೊರಬರುವವನಿಗೆ ಮೂಲೆ ಕಾಯುವವನಿಗಿಂತ ಎದುರಿನವನು ಕ್ಷಣಾರ್ಧ ಮುಂಚೆ ಕಾಣುತ್ತಾನೆ, ಏಕೆಂದರೆ ಅವನು ಹೊರಬಂದ ಸುದ್ದಿ ಸರ್ವರ್ ಸುತ್ತಿ ಬರಲು ಹೊತ್ತು ಬೇಕು. ಹಾಗಾದರೆ "ಸತ್ತಮೇಲೆ ಕಾಣ್ತಾನೆ" ಎಂಬುದರಲ್ಲಿ ನಿಜವಿದೆ. ಊರಿನ ದೂರವನ್ನು ಬದಲಿಸಲಾಗುವುದಿಲ್ಲ. ಮೌಸಿನಿಂದ ಪರದೆಯವರೆಗಿನ ಎರಡು ಅಡಿ ಮಾತ್ರ ನಮ್ಮ ಕೈಯಲ್ಲಿದೆ. ಸಣ್ಣ ಊರಿನ ಹುಡುಗರು ಈ ಸೆಟ್ಟಿಂಗ್‌ಗಳಿಗೆ ಇಷ್ಟು ಅಂಟಿಕೊಳ್ಳುವುದು ಅದಕ್ಕೇ ಎಂದು ನನಗನಿಸುತ್ತದೆ.

ಆದರೆ ಎಲ್ಲ ಸಾವಿಗೂ ಇದೇ ಕಾರಣವೇ? ಕೊಳ್ಳುವ ಮುನ್ನ ಪರೀಕ್ಷೆ ಮಾಡೋಣ ಎಂದೆ. ಶಿವಮೊಗ್ಗದ ವಿನೋಬನಗರದಲ್ಲಿ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಆಡುವ ಕೋಣೆಯೊಂದಿದೆ. ಭಾನುವಾರ ಬೆಳಿಗ್ಗೆ ಅಲ್ಲಿ ಯಾರೂ ಇರುವುದಿಲ್ಲ. ನಾಲ್ಕು ಭಾನುವಾರ ಅವನು ಭದ್ರಾವತಿಯಿಂದ ಬಸ್ಸಿನಲ್ಲಿ ಬಂದ. ಮಾಲೀಕರಿಗೆ ವಿಷಯ ಹೇಳಿದಾಗ ಅವರಿಗೂ ಕುತೂಹಲ. ಮೊದಲ ದಿನವೇ ಒಂದು ತಮಾಷೆ ಸಿಕ್ಕಿತು. ಅಲ್ಲಿನ ಒಂದು 144 ಹರ್ಟ್ಜ್ ಮಾನಿಟರ್ ವಿಂಡೋಸ್‌ನ ಡಿಸ್‌ಪ್ಲೇ ಪುಟದಲ್ಲಿ 60ಕ್ಕೇ ನಿಂತಿತ್ತು. ಯಾರೂ ಬದಲಿಸಿರಲಿಲ್ಲ. ಆ ಕುರ್ಚಿಯೇ ಅದೃಷ್ಟದ ಕುರ್ಚಿ ಎಂದು ಜಗಳವಾಡಿ ಕೂರುವ ಹುಡುಗರಿದ್ದಾರೆ ಎಂದು ಮಾಲೀಕರು ನಕ್ಕರು. ಹೊಸ ಮಾನಿಟರ್ ತಂದವರು ಮೊದಲು ನೋಡಬೇಕಾದ ಜಾಗ ಅದು. ಮಾನಿಟರ್ ತಾನಾಗಿ ತನ್ನ ಪೂರ್ತಿ ವೇಗಕ್ಕೆ ಏರಿರುತ್ತದೆ ಎಂದು ನಂಬಬಾರದು.

ಪರೀಕ್ಷೆಯ ಕ್ರಮ ಸರಳ. ಮೂರು ಚೀಟಿ. ಒಂದು, 60 ಹರ್ಟ್ಜ್ ಮತ್ತು ವಿ-ಸಿಂಕ್ ಆನ್. ಎರಡು, 144 ಹರ್ಟ್ಜ್, ಸಿಂಕ್ ಪೂರ್ತಿ ಆಫ್, ಫ್ರೇಮ್‌ಗೆ ಮಿತಿಯಿಲ್ಲ. ಮೂರು, 144 ಹರ್ಟ್ಜ್, ಪರದೆ ಕಾರ್ಡ್‌ಗಾಗಿ ಕಾಯುವ ಅಡಾಪ್ಟಿವ್-ಸಿಂಕ್, ಫ್ರೇಮ್ 138ಕ್ಕೆ ಮಿತಿ. ಅವನು ಹೊರಗೆ ಹೋಗಿ ಟೀ ಕುಡಿಯುತ್ತಾನೆ. ನಾನು ಚೀಟಿ ಎತ್ತಿ, ಅದರಂತೆ ಬದಲಿಸಿ, ಫ್ರೇಮ್ ತೋರಿಸುವ ಅಂಕಿಯನ್ನು ಮುಚ್ಚಿಡುತ್ತೇನೆ. ಅವನು ಒಳಗೆ ಬಂದು ಹತ್ತು ನಿಮಿಷ ಆಡಿ, ಯಾವುದು ಎಂದು ಹೇಳಬೇಕು.

138 ಎಂಬ ಅಂಕಿ ಎಲ್ಲಿಂದ ಬಂತೆಂದರೆ, ಅಡಾಪ್ಟಿವ್-ಸಿಂಕ್‌ಗೆ ಒಂದು ಮೇಲ್ಮಿತಿ ಇದೆ. ಫ್ರೇಮ್ ದರ ಮಾನಿಟರಿನ 144ನ್ನು ದಾಟಿದರೆ ಪರದೆ ಕಾಯಲಾರದು. ಮತ್ತೆ ಸೀಳು, ಇಲ್ಲವೇ ಮತ್ತೆ ಸಾಲು. ಹಾಗಾಗಿ ದರವನ್ನು ಸ್ವಲ್ಪ ಕೆಳಗೇ ಹಿಡಿಯಬೇಕು. ಕೈಯಿಂದ ಮಿತಿ ಹಾಕುವವರು 141 ಇಡುತ್ತಾರೆ. ಜಿ-ಸಿಂಕ್ ಮತ್ತು ಡ್ರೈವರಿನ ವಿ-ಸಿಂಕ್ ಎರಡೂ ಆನ್ ಇದ್ದಾಗ ಎನ್‌ವಿಡಿಯಾದ ರಿಫ್ಲೆಕ್ಸ್ ಎಂಬ ಸೌಲಭ್ಯ ತಾನೇ 138ಕ್ಕೆ ನಿಲ್ಲಿಸುತ್ತದೆ. ಇಲ್ಲಿ ಡ್ರೈವರಿನ ವಿ-ಸಿಂಕ್ ಕಾವಲುಗಾರ ಮಾತ್ರ: ಮಿತಿ ದಾಟುವ ಅಪರೂಪದ ಫ್ರೇಮನ್ನು ತಡೆಯುತ್ತದೆ, ಸಾಲು ಕಟ್ಟುವುದಿಲ್ಲ. ಆಟದೊಳಗಿನ ವಿ-ಸಿಂಕ್ ಆಫ್ ಇರಬೇಕು.

ನಾಲ್ಕು ಭಾನುವಾರದ ಫಲ ಹೀಗಿತ್ತು. 60 ಹರ್ಟ್ಜ್‌ನ ವಿ-ಸಿಂಕನ್ನು ಅವನು ಪ್ರತಿ ಸಲವೂ ಹಿಡಿದ. ಕೂತು ಮೌಸ್ ಒಂದು ಸುತ್ತು ತಿರುಗಿಸಿದ್ದೇ "ಥೂ, ಇದು ಅದೇ" ಎಂದ. ಉಳಿದ ಎರಡರ ನಡುವೆ ಅವನ ಉತ್ತರ ನಾಣ್ಯ ಚಿಮ್ಮಿದ ಹಾಗಿತ್ತು. ಒಂದು ಸಲ "ಇದೇ ಅನ್‌ಲಿಮಿಟೆಡ್, ಬೆಣ್ಣೆ ತರ ಇದೆ" ಎಂದು ಖಡಾಖಂಡಿತ ಹೇಳಿದ; ಚೀಟಿ ತೆರೆದರೆ 138. ನಾನು ಬರೆದಿಟ್ಟುಕೊಂಡ ಇನ್ನೊಂದು ಪಟ್ಟಿ ಅವನು ಬಿದ್ದ ರೀತಿಗಳದು. ಯಾವ ಚೀಟಿಯಾದರೂ ಬಹಳಷ್ಟು ಸಲ ಅವನು ಬಿದ್ದದ್ದು ಒಂದೇ ಕಾರಣಕ್ಕೆ: ಒಂದು ಕೊಂದ ಮೇಲೆ ಅದೇ ಜಾಗದಲ್ಲಿ ಇನ್ನೊಂದಕ್ಕೆ ಕಾದು ನಿಲ್ಲುತ್ತಿದ್ದ. ಎದುರಾಳಿಗೆ ಆ ಜಾಗ ಗೊತ್ತಾಗಿರುತ್ತಿತ್ತು.

ಕೊನೆಯ ಭಾನುವಾರ ಪಟ್ಟಿ ತೋರಿಸಿದೆ. ಅವನು ಬಹಳ ಹೊತ್ತು ನೋಡಿದ. ಬಸ್ ಸ್ಟ್ಯಾಂಡಿನವರೆಗೆ ಮಾತಾಡಲಿಲ್ಲ. ಬಸ್ ಹತ್ತುವ ಮುನ್ನ, "ಹಾಗಾದ್ರೆ ಪರದೆ ಅಲ್ಲ, ನಾನೇ ಸರಿಯಿಲ್ಲ ಅಂತಾಯ್ತು" ಎಂದ. ಸೆಟ್ಟಿಂಗ್ ಹುಡುಕುವ ಕೆಲಸದ ಅಡಿಯಲ್ಲಿ ಇದ್ದ ಭಯ ಇದೇ ಇರಬೇಕು. ಯಂತ್ರ ಕೆಟ್ಟದಾಗಿರುವವರೆಗೆ, ಒಳ್ಳೆಯ ಯಂತ್ರ ಇದ್ದಿದ್ದರೆ ಗೆಲ್ಲುತ್ತಿದ್ದೆ ಎಂಬ ಆಸೆ ಬದುಕಿರುತ್ತದೆ. ಯಂತ್ರ ಸರಿಯಾದ ದಿನ ಆ ಆಸೆಗೆ ಮರೆ ಇಲ್ಲ. ನಾನು ಹೇಳಿದ್ದು ಇಷ್ಟೇ: ಎರಡೂ ನಿಜ. 60ರ ಪರದೆ ನಿನ್ನಿಂದ ಏನನ್ನೋ ಕಿತ್ತುಕೊಳ್ಳುತ್ತಿದೆ, ಅದನ್ನು ದುಡ್ಡಿನಿಂದ ಸರಿಮಾಡಬಹುದು. ನಿಂತಲ್ಲೇ ನಿಲ್ಲುವುದನ್ನು ದುಡ್ಡಿಲ್ಲದೆ ಸರಿಮಾಡಬಹುದು.

ಮಾವನಿಗೆ ಈ ಪರೀಕ್ಷೆಯ ಕತೆ ಹೇಳಿದಾಗ ಅವರು ತಮ್ಮ ಕತೆ ತೆಗೆದರು. ಅವರು ಲೇತ್ ಟರ್ನರ್ ಆಗಿದ್ದವರು. "ಟ್ಯೂಬ್‌ಲೈಟ್ ಅಡಿಯಲ್ಲಿ ತಿರುಗೋ ಚಕ್ ಕೆಲವು ಸಲ ನಿಂತ ಹಾಗೆ ಕಾಣುತ್ತೆ. ನಿಂತಿದೆ ಅಂತ ಕೈ ಹಾಕಿದವನ ಬೆರಳು ಹೋಗುತ್ತೆ" ಎಂದರು. ಲೆಕ್ಕ ಹಾಕಿದರೆ ಸರಿಯೇ. 50 ಹರ್ಟ್ಜ್ ವಿದ್ಯುತ್ತಿನಲ್ಲಿ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಚಕ್ ನಿಮಿಷಕ್ಕೆ 1500 ಸುತ್ತು ಹೊಡೆಯುತ್ತಿದ್ದರೆ ಸೆಕೆಂಡಿಗೆ 25 ಸುತ್ತು, ಸುತ್ತಿಗೆ ನಾಲ್ಕು ಮಿನುಗು. ನಾಲ್ಕು ದವಡೆಯ ಚಕ್ ಪ್ರತಿ ಮಿನುಗಿಗೂ ಸರಿಯಾಗಿ ಕಾಲು ಸುತ್ತು ಮುಂದೆ ಹೋಗಿರುತ್ತದೆ. ಪ್ರತಿ ದವಡೆಯೂ ಪಕ್ಕದ ದವಡೆಯ ಜಾಗದಲ್ಲಿ. ಕಣ್ಣಿಗೆ ಚಕ್ ನಿಂತಿದೆ. ಅದಕ್ಕೇ ಯಂತ್ರಶಾಲೆಗಳಲ್ಲಿ ಅಕ್ಕಪಕ್ಕದ ದೀಪಗಳನ್ನು ಬೇರೆ ಬೇರೆ ಫೇಸ್‌ಗೆ ಹಾಕುತ್ತಾರೆ, ಲೇತಿನ ಪಕ್ಕ ತಂತಿಯ ಬಲ್ಬ್ ಇಡುತ್ತಾರೆ. ಎಲ್ಲವೂ ಚೆನ್ನಾಗಿ ಹೊಂದಿಕೊಂಡಾಗ ಕಾಣುವ ಚಿತ್ರ ನುಣುಪಾಗಿರಬಹುದು, ನಿಜವಾಗಿರಬೇಕೆಂದಿಲ್ಲ. ಮಾವ ಮಗನಿಗೆ ಹೇಳಿದ್ದು ಇನ್ನೂ ಚಿಕ್ಕದು: "ಕಣ್ಣು ಹೇಳಿದ್ದನ್ನ ಕೈ ಕೇಳೋ ಮುಂಚೆ ಒಂದ್ಸಲ ಯೋಚನೆ ಮಾಡ್ಬೇಕು ಕಣೋ." ಅವರಿಬ್ಬರು ಆಟದ ವಿಷಯ ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅತ್ತೆಯದು ಬೇರೆ ಚಿಂತೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯ್ದೆ ಮಾಡಿದಾಗ ಟಿವಿಯಲ್ಲಿ "ಆನ್‌ಲೈನ್ ಗೇಮ್ ನಿಷೇಧ" ಎಂದು ದಪ್ಪ ಅಕ್ಷರದಲ್ಲಿ ಓಡಿತು. ಪಕ್ಕದ ಮನೆಯವರು ಬಂದು ವಿಚಾರಿಸಿದರು. ಆ ಕಾಯ್ದೆ ನಿಷೇಧಿಸಿದ್ದು ದುಡ್ಡು ಕಟ್ಟಿ ಆಡುವ ಆಟಗಳನ್ನು. ಇ-ಸ್ಪೋರ್ಟ್ಸ್ ಅನ್ನು ಅದು ಬೇರೆಯಾಗಿ ಗುರುತಿಸಿ ಪ್ರೋತ್ಸಾಹಿಸಬೇಕೆನ್ನುತ್ತದೆ ಎಂದು ನಾನು ವಿವರಿಸಿದೆ. ಅತ್ತೆ ಕೇಳಿಸಿಕೊಂಡು, "ಅದೆಲ್ಲ ಸರಿ, ರಾತ್ರಿ ಆ ಡಬ್ಬದ ಸದ್ದಿಗೆ ನಿದ್ದೆ ಬರಲ್ಲ" ಎಂದರು. ಕಂಪ್ಯೂಟರ್ ಇರುವುದು ನಡುಮನೆಯಲ್ಲಿ. ಅತ್ತೆ ಮಲಗುವುದೂ ಅಲ್ಲೇ.

ಕೊನೆಗೆ ಎರಡು ಸೆಟ್ಟಿಂಗ್‌ಗಳಲ್ಲಿ ಒಂದನ್ನು ಆರಿಸಲು ಕಾರಣ ಕೊಟ್ಟದ್ದು ಅತ್ತೆಯ ನಿದ್ದೆಯೇ. ಹುಡುಗ ಕಾರ್ಡ್ ಬಿಟ್ಟು 144 ಹರ್ಟ್ಜ್ ಮಾನಿಟರ್ ಕೊಂಡ. ಮಿತಿಯಿಲ್ಲದೆ ಬಿಟ್ಟಾಗ ಕಾರ್ಡ್ ಒಮ್ಮೆ 220, ಒಮ್ಮೆ 150 ಎಂದು ಏದುಸಿರು ಬಿಡುತ್ತಿತ್ತು. ಕಾರ್ಡ್ ಪೂರ್ತಿ ದುಡಿಯುತ್ತಿರುವಾಗ ಫ್ರೇಮ್‌ಗಳು ಅದರ ಮುಂದೆ ಸರದಿ ನಿಲ್ಲುತ್ತವೆ, ಅದೂ ಒಂದು ತಡ. 138ಕ್ಕೆ ಮಿತಿ ಹಾಕಿದ ಮೇಲೆ ದರ ಅಲ್ಲೇ ನಿಂತಿತು. ಫ್ಯಾನ್ ಸದ್ದು ಇಳಿಯಿತು, ಪೆಟ್ಟಿಗೆಯ ಬಿಸಿ ಇಳಿಯಿತು. ಶಿವಮೊಗ್ಗ–ಭದ್ರಾವತಿಯ ಏಪ್ರಿಲ್ ಬಿಸಿಲು ನೆನೆಸಿಕೊಂಡರೆ ಅದು ಸಣ್ಣ ಲಾಭವಲ್ಲ. ಫೋನಿನಲ್ಲಿ ಬಿಜಿಎಂಐ ಆಡುವ ಹುಡುಗರಿಗೂ ಇದೇ ಮಾತು ಅನ್ವಯಿಸುತ್ತದೆ: ಹತ್ತು ನಿಮಿಷ 90 ತೋರಿಸಿ ಫೋನ್ ಕಾದಮೇಲೆ 50ಕ್ಕೆ ಕುಸಿಯುವುದಕ್ಕಿಂತ ಕೊನೆಯವರೆಗೂ 60 ಹಿಡಿದು ನಿಲ್ಲುವುದು ಲೇಸು. ಕೈ ಕಲಿಯುವುದು ಲಯವನ್ನು. ಲಯ ಬದಲಾಗುತ್ತಿದ್ದರೆ ಕೈ ಕಲಿತದ್ದು ಕೆಲಸಕ್ಕೆ ಬರುವುದಿಲ್ಲ.

ಯಾರಾದರೂ ಕೇಳಿದರೆ ಈಗ ನಾನು ಹೇಳುವುದು ಇಷ್ಟು. 60 ಹರ್ಟ್ಜ್ ಪರದೆ ಮಾತ್ರ ಇದ್ದರೆ ಸಿಂಕ್ ತೆಗೆಯಿರಿ, ಚಿತ್ರದ ಅಂದ ತಗ್ಗಿಸಿ, ಸೀಳನ್ನು ಸಹಿಸಿ. ಅಡಾಪ್ಟಿವ್-ಸಿಂಕ್ ಇರುವ ಪರದೆ ಇದ್ದರೆ ಅದನ್ನು ಆನ್ ಮಾಡಿ, ಮಾನಿಟರಿನ ದರಕ್ಕಿಂತ ಸ್ವಲ್ಪ ಕೆಳಗೆ ಮಿತಿ ಹಾಕಿ. 144ರ ಪರದೆಯಲ್ಲಿ ಕಾರ್ಡ್ ಸದಾ 300 ದಾಟುವಷ್ಟು ಬಲವಾಗಿದ್ದರೆ ಸಿಂಕ್ ತೆಗೆದು ಆಡುವುದರಿಂದ ಒಂದೆರಡು ಮಿಲಿಸೆಕೆಂಡ್ ಸಿಗುತ್ತದೆ, ಸೀಳೂ ಸಣ್ಣದಾಗಿರುತ್ತದೆ. ಯಾವುದೇ ಆದರೂ ನಿಮ್ಮ ಯಂತ್ರ ಎಂದೂ ಕೆಳಗಿಳಿಯದ ದರವೇ ನಿಮ್ಮ ದರ. ಯಾವಾಗಲೋ ಒಮ್ಮೆ ಮುಟ್ಟಿದ ಎತ್ತರವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮತ್ತೆ, ಒಮ್ಮೆ ಆರಿಸಿದ ಮೇಲೆ ತಿಂಗಳುಗಟ್ಟಲೆ ಮುಟ್ಟಬೇಡಿ.

ಜನವರಿಯಲ್ಲಿ ಅವರ ತಂಡ ಒಂದು ಅರ್ಹತಾ ಸುತ್ತು ಆಡಿತು. ಎರಡು ಪಂದ್ಯ ಗೆದ್ದು ಮೂರನೆಯದರಲ್ಲಿ ಸೋತರು. ರಾತ್ರಿ ಹನ್ನೊಂದಕ್ಕೆ ಹುಡುಗ ಫೋನ್ ಮಾಡಿದ. ಫ್ರೇಮ್ ಬಗ್ಗೆಯಾಗಲಿ ಪಿಂಗ್ ಬಗ್ಗೆಯಾಗಲಿ ಒಂದು ಮಾತೂ ಆಡಲಿಲ್ಲ. ಎಂಟನೇ ಸುತ್ತಿನಲ್ಲಿ ಕೊಂದ ಮೇಲೆ ಜಾಗ ಬದಲಿಸಿದೆ, ಹದಿನೇಳನೆಯದರಲ್ಲಿ ಬದಲಿಸಲಿಲ್ಲ, ಅಲ್ಲೇ ಹೋಯಿತು ಎಂದ. ರೆಕಾರ್ಡಿಂಗ್ ಇಟ್ಟುಕೊಂಡು ಐವರೂ ಸಾಲಾಗಿ ನೋಡುತ್ತಿದ್ದಾರಂತೆ. ಹಿಂದೆ ಅತ್ತೆಯ ಗೊರಕೆ ಸಣ್ಣಗೆ ಕೇಳುತ್ತಿತ್ತು. ಪರದೆ ಈಗ ಅವನಿಗಾಗಿ ಕಾಯುತ್ತದೆ. ಜೂನ್ ಕಾಯುವುದಿಲ್ಲ, ಅದು ಅವನಿಗೂ ಗೊತ್ತು.